ಕೊಯ್ದಷ್ಟೂ ಕೊಡುವ ಹಿತ್ತಲು

ನಾಲ್ಕು ದಿನ ಊರಿಗೆ ಹೋಗಿ ಬಂದರೆ ಹಿತ್ತಲಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೆಂಡೆಗಿಡ. ಹೊರಡುವಾಗ ಕಿರುಬೆರಳಿನಷ್ಟಿದ್ದ ಕಾಯಿ ಗೇಣುದ್ದ ಬೆಳೆದು ಸೆಟೆದು ನಿಂತಿರುತ್ತದೆ. ತುದಿ ಮುರಿಯಲು ಹೋದರೆ ಬಾಗುತ್ತದೆ, ಮುರಿಯುವುದಿಲ್ಲ. ನಮ್ಮಮ್ಮನ ಲೆಕ್ಕ ಸರಳ: “ತುದಿ ಲಟಕ್ ಅಂದ್ರೆ ಒಲೆಗೆ, ಬಾಗಿದ್ರೆ ಹಸೂಗೆ.”

ಆ ಕಾಯಿ ಹೋದರೆ ಹೋಗಲಿ ಎನ್ನುವ ಹಾಗಿಲ್ಲ. ಗಿಡದ ಕುಡಿ ನೋಡಿ, ಹೊಸ ಮೊಗ್ಗುಗಳೂ ಕಡಿಮೆಯಾಗಿರುತ್ತವೆ. ಗಿಡ ಕಾಯಿ ಬಿಡುವುದೇ ಬೀಜಕ್ಕಾಗಿ. ಒಳಗೆ ಬೀಜ ಬಲಿಯತೊಡಗಿದರೆ ಎಲೆಗಳು ತಯಾರಿಸಿದ ಆಹಾರ ಅತ್ತ ಹರಿದು ಚಿಗುರು, ಮೊಗ್ಗು ಸೊರಗುತ್ತವೆ. ಎಳೆಯದರಲ್ಲೇ ಕಿತ್ತರೆ ಗಿಡ ಮತ್ತೆ ಹೂವಿಗೆ ತೊಡಗುತ್ತದೆ. ನೀರು, ಗೊಬ್ಬರದ ಹಾಗೆ ಹೊತ್ತಿಗೆ ಸರಿಯಾದ ಕೊಯ್ಲೂ ಒಂದು ಆರೈಕೆಯೇ.

ಎಳೆಯದರಲ್ಲೇ ಕೀಳುವವು

ಬೆಂಡೆ ಬಿತ್ತಿದ 45–50 ದಿನಕ್ಕೆ ಮೊದಲ ಕಾಯಿ ಸಿಗುತ್ತದೆ. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಬರುವುದರಿಂದ ದಿನ ಬಿಟ್ಟು ದಿನ ಗಿಡ ನೋಡಲೇಬೇಕು. ಹೀರೆ, ಪಡವಲ, ಸೋರೆಗೂ ಇದೇ ನಿಯಮ. ಹೀರೆಯಲ್ಲಿ ಎಳೆಗಾಯಿಗೆ ಉಗುರು ಸುಲಭವಾಗಿ ಇಳಿಯುತ್ತದೆ, ತಡವಾದರೆ ಒಳಗೆಲ್ಲ ನಾರು.

ಬದನೆಗೆ ಹೊಳಪೇ ಗುರುತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಗ್ಗಿದ ಜಾಗ ಮತ್ತೆ ಮೇಲೆದ್ದರೆ ಕೊಯ್ಯುವ ಹದ. ಸಿಪ್ಪೆಯ ಹೊಳಪು ಮಾಸಿ, ಒತ್ತಿದ ಗುರುತು ಹಾಗೇ ಉಳಿದರೆ ಬೀಜ ಬಲಿತಿದೆ ಎಂದರ್ಥ. ಬದನೆ, ಬೆಂಡೆ, ಮೆಣಸಿನಕಾಯಿಗಳನ್ನು ಎಳೆದು ಕೀಳುವ ಬದಲು ತೊಟ್ಟಿನ ಸಮೇತ ಕತ್ತರಿಯಿಂದ ಕತ್ತರಿಸಿದರೆ ಕೊಂಬೆ ಸೀಳುವುದಿಲ್ಲ.

ಮೆಂತ್ಯ 25–30 ದಿನಕ್ಕೆ ಸಿದ್ಧ. ಹೂವಿಗೆ ಬಿಟ್ಟರೆ ಕಹಿ ಏರುತ್ತದೆ. ಹರಿವೆಯನ್ನು ಬೇರುಸಹಿತ ಕೀಳದೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಗೆಣ್ಣುಗಳಿಂದ ಮತ್ತೆ ಚಿಗುರುತ್ತದೆ. ಬಸಳೆಯ ಕುಡಿ ಚಿವುಟಿದಷ್ಟೂ ಬಳ್ಳಿ ಕವಲೊಡೆಯುತ್ತದೆ. ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯಬೇಕು. ರಾತ್ರಿಯಿಡೀ ನೀರು ಹೀರಿದ ಎಲೆ ಬೆಳಗಿನ ಹೊತ್ತಿಗೆ ಗರಿಗರಿಯಾಗಿರುತ್ತದೆ, ಬೇಗ ಬಾಡುವುದಿಲ್ಲ.

ಕಾಯಬೇಕಾದವು

ಟೊಮೆಟೊ ಗಿಡದಲ್ಲೇ ಪೂರ್ತಿ ಕೆಂಪಾಗಬೇಕಿಲ್ಲ. ಬುಡದಲ್ಲಿ ನಸುಗೆಂಪು ಮೂಡಿದಾಗ ಕಿತ್ತರೂ ಮನೆಯೊಳಗೆ ಹಣ್ಣಾಗುತ್ತದೆ, ಹಕ್ಕಿಗಳ ಕಾಟವೂ ತಪ್ಪುತ್ತದೆ. ಏಪ್ರಿಲ್‌ನ ಹಣ್ಣು ಹಳದಿಗೆ ತಿರುಗಿದರೆ ಗಾಬರಿ ಬೇಡ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸರಿಯಾಗಿ ಕೂಡುವುದಿಲ್ಲ.

ಸಿಹಿಗೆಣಸು ಮಣ್ಣಿನೊಳಗಿರುವುದರಿಂದ ಒಂದು ಗೆಡ್ಡೆ ಬಗೆದು ಪರೀಕ್ಷಿಸಬೇಕು. ಕತ್ತರಿಸಿದ ಜಾಗದ ಹಾಲು ಬಿಳಿಯಾಗಿಯೇ ಒಣಗಿದರೆ ಬಲಿತಿದೆ. ಕಪ್ಪಿಟ್ಟರೆ ಇನ್ನಷ್ಟು ದಿನ ಬಿಡಿ. ಅಗೆದ ಗೆಣಸನ್ನು ವಾರವೆರಡು ವಾರ ನೆರಳಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿ ಹೆಚ್ಚುತ್ತದೆ. ಸುವರ್ಣಗೆಡ್ಡೆ ತಾನೇ ಸೂಚನೆ ಕೊಡುತ್ತದೆ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ದಂಟು ಮಲಗಿದರೆ ಅಗೆಯುವ ಕಾಲ ಬಂದಿದೆ.

ಅವರೆಯ ಕಾಲ

ಹಳೇ ಮೈಸೂರು ಸೀಮೆಯವರಿಗೆ ಚಳಿಗಾಲವೆಂದರೆ ಅವರೆಕಾಯಿ. ಊರಿನ ಹಳೆಯ ತಳಿಯನ್ನು ಜೂನ್‌ನಲ್ಲೇ ಬಿತ್ತಿದರೂ ಅದು ಬರೀ ಬಳ್ಳಿ ಹಬ್ಬಿಸುತ್ತದೆ. ಹಗಲು ಕಿರಿದಾಗಿ ರಾತ್ರಿ ಉದ್ದವಾದ ಮೇಲೆಯೇ ಹೂ. ಆದ್ದರಿಂದ ಜುಲೈ, ಆಗಸ್ಟ್‌ನಲ್ಲಿ ಬಿತ್ತಿದರೆ ಸಾಕು, ಡಿಸೆಂಬರ್ ಹೊತ್ತಿಗೆ ಚಪ್ಪರದ ತುಂಬ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಗಲಿನ ಹಂಗಿಲ್ಲ. ಅವು ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ಆದರೂ ಮಾಗಿಯ ಬೆಳಗಲ್ಲಿ ಇಬ್ಬನಿ ಆರದ ಕಾಯಿ ಬಿಡಿಸಿ ಬಂದಾಗ ಬೆರಳಿಗೆ ಅಂಟುವ ಸೊಗಡೇ ಬೇರೆ. ಸಿಪ್ಪೆಯ ಮೇಲಿನ ಜಿಡ್ಡಿನ ಪರಿಮಳ ಅದು, ಸೋಪು ಹಾಕಿ ತೊಳೆದರೂ ಹೋಗದು. ಕಾಳಿನ ಉಬ್ಬು ಹೊರಗೆ ಎದ್ದು ಕಾಣುತ್ತಿದ್ದು, ಸಿಪ್ಪೆ ಇನ್ನೂ ಹಸಿರಾಗಿರುವಾಗಲೇ ಬಿಡಿಸಿ. ಹಿತಕಿದಬೇಳೆ ಸಾರಿಗೆ ಅದೇ ಹದ.

ಬಿತ್ತುವಾಗಲೇ ಕೊಯ್ಲಿನ ಯೋಚನೆ

ಒಂದು ವಾರ ಮೂರು ಹೊತ್ತೂ ಮೂಲಂಗಿ, ಮರುವಾರ ಏನೂ ಇಲ್ಲ. ಹೊಸದಾಗಿ ಹಿತ್ತಲು ಮಾಡಿದ ಬಹುಪಾಲು ಮನೆಗಳಲ್ಲಿ ಹೀಗಾಗುತ್ತದೆ. ಇಡೀ ಮಡಿಗೆ ಒಂದೇ ದಿನ ಬೀಜ ಹಾಕುವುದರ ಫಲ ಇದು. ಸೊಪ್ಪು, ಮೂಲಂಗಿ, ಬೀನ್ಸ್‌ಗಳನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಕೊಯ್ಲೂ ಹಾಗೇ ಹಂಚಿ ಬರುತ್ತದೆ. ಮಳೆಗಾಲಕ್ಕೆ ಚಪ್ಪರದ ಬಳ್ಳಿಗಳು, ಚಳಿಗೆ ಅವರೆ, ಟೊಮೆಟೊ, ಕೋಸು, ಬೇಸಿಗೆಗೆ ಬೆಂಡೆ, ಹರಿವೆ, ಸೌತೆ ಎಂದು ಪಾತಿಗಳನ್ನು ಹಂಚಿಕೊಂಡರೆ ವರ್ಷವಿಡೀ ಏನಾದರೊಂದು ಸಿಗುತ್ತದೆ.

ಹೆಚ್ಚಾದದ್ದಕ್ಕೆ ನಮ್ಮ ಹಿರಿಯರು ದಾರಿ ಹುಡುಕಿಟ್ಟಿದ್ದಾರೆ. ಕರಾವಳಿಯ ಮನೆಗಳಲ್ಲಿ ಬಲಿತ ಮಂಗಳೂರು ಸೌತೆಯನ್ನು ಬಾಳೆಯ ನಾರಿನಿಂದ ಕಟ್ಟಿ ಮಾಡಿಗೆ ತೂಗುಹಾಕುತ್ತಾರೆ. ಗಾಳಿಯಾಡುತ್ತ, ಒಂದಕ್ಕೊಂದು ತಾಗದೆ ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಮೈಮೇಲೆ ಬೂದಿ ಕಟ್ಟಿದ ಬೂದುಗುಂಬಳವೂ ತೊಟ್ಟು ಮುರಿಯದಿದ್ದರೆ ಹಾಗೇ ಬಾಳುತ್ತದೆ. ಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗಿಟ್ಟರೆ ಬಾಳಕ. ಮಳೆಗಾಲದ ಮೊಸರನ್ನಕ್ಕೆ ಬೇಸಿಗೆಯ ಕೊಯ್ಲು ಜೊತೆಯಾಗುತ್ತದೆ.

ದಾರ ಕಟ್ಟಿದ ಕಾಯಿ

ಬೆಂಡೆಯ ಹಂಗಾಮು ಮುಗಿಯುತ್ತ ಬಂದಾಗ ನಮ್ಮಮ್ಮ ಎಲ್ಲಕ್ಕಿಂತ ಚೆನ್ನಾಗಿ ಕಾಯಿ ಬಿಟ್ಟ, ರೋಗ ತಾಗದ ಗಿಡವನ್ನು ಹುಡುಕಿ ಒಂದು ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ಅದನ್ನು ಮನೆಯಲ್ಲಿ ಯಾರೂ ಕೀಳುವಂತಿಲ್ಲ. ಗಿಡದಲ್ಲೇ ಒಣಗಿ ಕಂದಾಗಿ, ಏಣು ಬಿರಿದು, ಅಲುಗಿಸಿದರೆ ಗಲಗಲ ಎಂದಾಗ ತಂದು ಬೀಜ ಬಿಡಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡುತ್ತಾರೆ. ಇದಕ್ಕೆ ನಾಟಿ ತಳಿಯೇ ಆಗಬೇಕು. ಹೈಬ್ರಿಡ್ ಗಿಡದ ಬೀಜದಿಂದ ತಾಯಿಗಿಡದಂಥದೇ ಗಿಡ ಬರುವ ಭರವಸೆಯಿಲ್ಲ.

ಎರಡು ತಿಂಗಳು ಬಲಿಯಲು ಬಿಡದೆ ಗಿಡದಿಂದ ನಾವು ಕಿತ್ತುಕೊಂಡೆವು. ಕೊನೆಗೆ ಒಂದು ಕಾಯಿಯನ್ನಾದರೂ ಅದರ ಇಚ್ಛೆಯಂತೆ ಬಲಿಯಲು ಬಿಡುತ್ತೇವೆ. ಮುಂದಿನ ಮಳೆಗೆ ಮಡಿ ತುಂಬ ಬಿತ್ತಲು ಅಷ್ಟು ಬೀಜ ಸಾಕು.