ಊಟವನ್ನು ಅಳೆಯುವ ಪ್ರಶ್ನೆಗಳು

ಹೆಂಗಸರ ಊಟದ ರೀತಿಯನ್ನು ಅರಿಯಲು ಮನಶ್ಶಾಸ್ತ್ರಜ್ಞರು ಪ್ರಶ್ನಾವಳಿಗಳನ್ನು ರಚಿಸಿರುವರು. 1986ರಲ್ಲಿ ಹಾಲೆಂಡಿನವರು ಪ್ರಕಟಿಸಿದ ಒಂದರಲ್ಲಿ 33 ಪ್ರಶ್ನೆಗಳಿವೆ. ತೂಕಕ್ಕೆ ಅಂಜಿ ಮಿತವಾಗಿ ಉಣ್ಣುವುದು, ಮನದ ಕಳವಳದಿಂದ ಉಣ್ಣುವುದು, ತಿನಿಸು ಕಣ್ಣಿಗೆ ಬಿದ್ದೊಡನೆ ಉಣ್ಣುವುದು ಎಂಬ ಮೂರು ರೀತಿಗಳನ್ನು ಅದು ಬೇರ್ಪಡಿಸುತ್ತದೆ.

ಸುಬ್ರಹ್ಮಣ್ಯ ಕ್ಷೇತ್ರವಾದ ನಮ್ಮ ನಾಗಲಮಡಿಕೆಯಲ್ಲಿ ‘ಬೇಕೆಂದೇ ಕಡಿಮೆ ಉಣ್ಣುವಿರಾ?’ ಎಂದು ಕೇಳಿದರೆ, ಷಷ್ಠಿಯ ಉಪವಾಸದವಳೂ ಹೌದೆನ್ನುವಳು; ಮಕ್ಕಳಿಗೆ ಬಡಿಸಿ ಉಳಿದ ಮುದ್ದೆಯಲ್ಲೇ ತೃಪ್ತಳಾಗುವ ತಾಯಿಯೂ ಹೌದೆನ್ನುವಳು. ಉತ್ತರವೊಂದೇ, ಕಾರಣ ಬೇರೆ.

ಆದಕಾರಣ ಬರಿಯ ಭಾಷಾಂತರ ಸಾಲದು. ಪ್ರಶ್ನೆ ಅವರಿಗೆ ಹೇಗೆ ಅರ್ಥವಾಯಿತೆಂದು ಮೊದಲು ವಿಚಾರಿಸಬೇಕು. ಒಂದೇ ಗುಂಪಿನ ಪ್ರಶ್ನೆಗಳ ಉತ್ತರಗಳು ಪರಸ್ಪರ ಹೊಂದುವುವೇ, ಕೆಲವು ವಾರ ಬಿಟ್ಟು ಕೇಳಿದರೂ ನಿಲ್ಲುವುವೇ ಎಂದು ಪರೀಕ್ಷಿಸಬೇಕು. ಇಲ್ಲವಾದರೆ ಬಡತನದ ಹಸಿವನ್ನೇ ಸಂಯಮವೆಂದು ಬರೆದುಕೊಂಡೇವೆಂಬುದು ನನ್ನ ಅಂಜಿಕೆ.