ಗಣಕಯಂತ್ರದ ನವೀಕರಣ ನಿಂತಾಗ

ಮನೆಯ ಗಡಿಯಾರ ನಿಂತರೆ ನಾವಾರೂ ಗಾಬರಿಯಾಗುವುದಿಲ್ಲ. ಕೆಳಗಿಳಿಸಿ, ಬೆನ್ನ ಮುಚ್ಚಳ ತೆಗೆದು ನೋಡುತ್ತೇವೆ. ಆದರೆ ಗಣಕಯಂತ್ರದ ಪರದೆಯ ಮೇಲೆ ಅರಿಯದ ನಾಲ್ಕು ಸಾಲು ಇಂಗ್ಲಿಷು ಮೂಡಿತೆಂದರೆ ಸಾಕು, ಮನೆಮಂದಿಯ ಧೈರ್ಯವೆಲ್ಲ ಉಡುಗಿಹೋಗುತ್ತದೆ. ಈಚೆಗೆ ರೋಣದಲ್ಲಿ ನಮ್ಮ ಕಣ್ಣೆದುರಿಗೆ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಟ್ಟರೆ ಕೆಲವರಿಗಾದರೂ ಉಪಯೋಗವಾದೀತೆಂದು ನಂಬಿದ್ದೇವೆ.

ರೋಣದಲ್ಲಿರುವ ನಮ್ಮ ತಂಗಿಯ ಯಜಮಾನರು ತೀರಿಕೊಂಡು ಎರಡು ವರ್ಷಗಳಾದವು. ಅವರು ಬಳಸುತ್ತಿದ್ದ ಗಣಕಯಂತ್ರವು ಅಂದಿನಿಂದ ಅಟ್ಟದ ಮೇಲೆಯೇ ಇದ್ದಿತು. ಮಗಳು ತನ್ನ ಕಾಲೇಜಿನ ಓದಿಗೆಂದು ಅದನ್ನು ಇಳಿಸಿ, ಧೂಳೊರೆಸಿ, ಚಾಲೂ ಮಾಡಿದಳು. ತಂತ್ರಾಂಶಗಳನ್ನು ನವೀಕರಿಸಹೋದಾಗ ತಪ್ಪಿನ ಸಾಲುಗಳು ಮೂಡಿ ಕೆಲಸ ನಿಂತಿತು. ದುರಸ್ತಿಯ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ, ಇದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕೆಂಬ ಉತ್ತರ ಬಂದಿತು. ಆದರೆ ಅದರೊಳಗೆ ತಂದೆಯ ಭಾವಚಿತ್ರಗಳಿದ್ದವು, ಅವರ ದನಿಯಿದ್ದಿತು, ತಾಯಿಯ ಹೊಲಿಗೆಯ ಲೆಕ್ಕವಿದ್ದಿತು. ನಾವು ಹೋದಾಗ ತಾಯಿಮಗಳಿಬ್ಬರೂ ಮುಖ ಸಣ್ಣದು ಮಾಡಿ ಕುಳಿತಿದ್ದರು.

“ಮಾಮಾ, ನಾ ಏನೂ ಕೆಡಿಸಿಲ್ರಿ. ಬರೇ ಅಪ್‌ಡೇಟ್ ಕೊಟ್ಟೇನ್ರಿ,” ಎಂದಳು ಹುಡುಗಿ.

“ನೀ ಕೆಡಿಸಿಲ್ಲವ್ವಾ. ಅದು ಏನ್ ಹೇಳತೈತಿ, ಮೊದಲು ಓದೋಣು,” ಎಂದೆವು.

ಆ ಯಂತ್ರದಲ್ಲಿದ್ದುದು ಉಬುಂಟು ಎಂಬ ಕಾರ್ಯವ್ಯವಸ್ಥೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದರ ತಿರುಳು. 1993ರಲ್ಲಿ ಹುಟ್ಟಿದ ಡೆಬಿಯನ್ ಇದರ ತಾಯಿಬೇರು. ಉಬುಂಟು ಹೊರಬಂದುದು 2004ರಲ್ಲಿ. ಇದರ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದಲೇ ಇದಕ್ಕೆ ಮುಕ್ತ ತಂತ್ರಾಂಶವೆಂಬ ಹೆಸರು.

ಇದರಲ್ಲಿ ತಂತ್ರಾಂಶಗಳನ್ನು ತಂದಿಡುವವನು ‘ಆಪ್ಟ್’ ಎಂಬ ಆಳು. ಇವನ ಕೆಲಸ ಸಂತೆಗೆ ಹೋಗುವವನಂತೆ ಮೂರು ಹಂತದ್ದು. ಮೊದಲು ದೂರದ ಉಗ್ರಾಣದಿಂದ ಸರಕಿನ ಪಟ್ಟಿಯನ್ನು ತರುವನು. ‘ಆಪ್ಟ್ ಅಪ್‌ಡೇಟ್’ ಎಂದರೆ ಇಷ್ಟೇ. ಆಮೇಲೆ ‘ಆಪ್ಟ್ ಅಪ್‌ಗ್ರೇಡ್’ ಎಂದು ಅಪ್ಪಣೆ ಕೊಟ್ಟರೆ ಪಟ್ಟಿಯಂತೆ ಸರಕು ತರುವನು. ಕೊನೆಗೆ ಅದನ್ನು ಬಿಚ್ಚಿ ತಕ್ಕ ಜಾಗದಲ್ಲಿ ಜೋಡಿಸುವನು. ಯಾವ ಹಂತದಲ್ಲಿ ಕೆಲಸ ನಿಂತಿತೆಂದು ತಿಳಿದರೆ ಅರ್ಧ ರೋಗ ತಿಳಿದಂತೆಯೇ.

ಹುಡುಗಿಯ ಕೆಲಸ ಮೊದಲನೆಯ ಹಂತದಲ್ಲಿಯೇ ನಿಂತಿದ್ದಿತು. ಪಟ್ಟಿಯು ‘ಇನ್ನೂ ಸಿಂಧುವಾಗಿಲ್ಲ’ ಎಂದು ಯಂತ್ರವು ಹೇಳುತ್ತಿದ್ದಿತು. ಪ್ರತಿ ಪಟ್ಟಿಗೂ ಉಗ್ರಾಣದವರು ತಾರೀಖು ಹಾಕಿ ಅಂಕೀಯ ರುಜು ಮಾಡಿರುತ್ತಾರೆ. ನಡುವೆ ಯಾರೋ ಮೋಸದ ಪಟ್ಟಿಯನ್ನು ಕೈಗಿತ್ತಾರೆಂಬ ಎಚ್ಚರದಿಂದ ಆಪ್ಟ್ ಇವೆರಡನ್ನೂ ನೋಡಿಯೇ ಮುಂದುವರಿಯುತ್ತದೆ. ಹಾಗಾದರೆ ತಾರೀಖಿನಲ್ಲಿಯೇ ತೊಡಕಿರಬೇಕಲ್ಲವೆ? ಪರದೆಯ ಮೇಲಿನ ಗಡಿಯಾರವನ್ನು ನೋಡಿದರೆ ಅದು ವರ್ಷಗಳಷ್ಟು ಹಿಂದೆ ಬಿದ್ದಿದ್ದಿತು! ಆ ಯಂತ್ರದ ಲೆಕ್ಕಕ್ಕೆ ಇಂದಿನ ಪಟ್ಟಿಯು ಇನ್ನೂ ಹುಟ್ಟದ ದಿನದ್ದು.

ಕಾರಣವು ರೂಪಾಯಿ ಬಿಲ್ಲೆಯಷ್ಟಗಲದ ಒಂದು ಸೆಲ್ಲು. ಕರೆಂಟಿಲ್ಲದಾಗಲೂ ವೇಳೆಯನ್ನು ಕಾಯುವ, 3 ವೋಲ್ಟಿನ, ಸಿಆರ್ 2032 ಎಂಬ ಆ ಸೆಲ್ಲು ಅಟ್ಟದ ಮೇಲೆಯೇ ಸತ್ತಿದ್ದಿತು. ಅಂತರ್ಜಾಲದಿಂದ ತಾನಾಗಿ ವೇಳೆ ತಿದ್ದಿಕೊಳ್ಳುವ ಏರ್ಪಾಡನ್ನು ಹಿಂದೆಂದೋ ಆರಿಸಿಟ್ಟಿದ್ದರು. ಅದನ್ನು ಮತ್ತೆ ಚಾಲೂ ಮಾಡಿದೆವು, ಗಡಿಯಾರ ಸರಿಹೋಯಿತು, ನವೀಕರಣ ಸರಾಗವಾಗಿ ಮುಗಿಯಿತು. ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ಹೊಸ ಸೆಲ್ಲು ಕೂಡಿಸಿದ್ದು ಮರುದಿನದ ಮಾತು. ಆ ಸಂಜೆ ತಂಗಿಯು ಯಜಮಾನರ ದನಿಯನ್ನು ಕೇಳುತ್ತ ಬಹಳ ಹೊತ್ತು ಮಾತಾಡದೆ ಕುಳಿತಿದ್ದಳು.

ಇಂಥ ತೊಡಕುಗಳು ಇನ್ನೂ ಕೆಲವುಂಟು. ನರಗುಂದದಲ್ಲಿರುವ ನಮ್ಮ ಅಳಿಯನಿಗೆ, ಬೀಗ ದೊರೆಯಲಿಲ್ಲವೆಂಬ ಸಾಲು ಕಾಣಿಸಿತು. ಯಂತ್ರವು ಹಿನ್ನೆಲೆಯಲ್ಲಿ ತಾನೇ ನವೀಕರಣ ನಡೆಸಿರುವಾಗ ಇನ್ನೊಬ್ಬರು ಕೈಹಾಕಬಾರದೆಂದು ಬೀಗ ಹಾಕಿಕೊಂಡಿರುತ್ತದೆ. ತುಸು ಹೊತ್ತು ಕಾದರೆ ತಾನೇ ತೆರೆಯುತ್ತದೆ. ಆ ಬೀಗದ ಕಡತವನ್ನೇ ಅಳಿಸಿರೆಂಬ ಉಪದೇಶವನ್ನು ಹೊಸಬರು ಕೇಳತಕ್ಕದ್ದಲ್ಲ.

ಗಜೇಂದ್ರಗಡದ ನೇಕಾರ ಗೆಳೆಯರೊಬ್ಬರ ಮನೆಯಲ್ಲಿ ಮೂರನೆಯ ಹಂತದ ನಡುವೆಯೇ ಕರೆಂಟು ಹೋಯಿತು. ಮರಳಿ ಬಂದಾಗ ಯಂತ್ರವು ತನ್ನ ಮದ್ದನ್ನು ತಾನೇ ಹೇಳಿತು: ‘ಸುಡೊ ಡಿಪಿಕೆಜಿ --ಕನ್ಫಿಗರ್ -ಎ’ ಎಂಬ ಅಪ್ಪಣೆ. ಅದನ್ನು ಕೊಟ್ಟೊಡನೆ ಅರ್ಧಕ್ಕೆ ನಿಂತ ಜೋಡಣೆ ಪೂರ್ತಿಯಾಯಿತು. ಆಗ ಗೆಳೆಯರು ತಮ್ಮ ಮಗ್ಗದತ್ತ ಕೈ ತೋರಿ, “ಒಂದು ಎಳಿ ಹರದರ ಹಾಸನ್ನ ಕಿತ್ತು ಒಗಿತೀವೇನ್ರಿ? ಹರದ ತುದಿ ಹುಡುಕಿ ಗಂಟ ಹಾಕತೀವಿ,” ಎಂದು ನಕ್ಕರು. ಇಡೀ ಲೇಖನದ ಸಾರವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆಂದು ನಮಗೆ ತೋರಿತು.

ಆದುದರಿಂದ ಹೊಸದಾಗಿ ಕಲಿಯುವ ಮಕ್ಕಳಿಗೂ ಗೃಹಿಣಿಯರಿಗೂ ನಮ್ಮ ಸೂಚನೆಯಿಷ್ಟು. ಬೆಲೆಬಾಳುವ ಚಿತ್ರ, ಲೆಕ್ಕಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಮೊದಲೇ ತೆಗೆದಿಡಿರಿ. ತಪ್ಪಿನ ಸಾಲುಗಳನ್ನು ಮೊದಲನೆಯದರಿಂದ ಸಾವಕಾಶವಾಗಿ ಓದಿರಿ, ಕಾಗದದಲ್ಲಿ ಬರೆದುಕೊಳ್ಳಿರಿ. ತಾರೀಖು, ಅಂತರ್ಜಾಲ, ಡಿಸ್ಕಿನಲ್ಲಿ ಉಳಿದ ಜಾಗ, ಈ ಮೂರನ್ನು ನೋಡಿರಿ. ಅರ್ಥವಾಗದ ಅಪ್ಪಣೆಯನ್ನು ಎಲ್ಲಿಂದಲೋ ತಂದು ಕೊಡಬೇಡಿರಿ. ಎಲ್ಲವನ್ನೂ ಅಳಿಸುವುದು ಕಟ್ಟಕಡೆಯ ಉಪಾಯವೇ ಹೊರತು ಮೊದಲನೆಯದಲ್ಲ.

ರೋಣದ ಆ ಹುಡುಗಿಯು ಈಗ ನೆರೆಮನೆಯವರ ಯಂತ್ರ ನಿಂತರೂ ಹೋಗಿ ನೋಡುತ್ತಾಳಂತೆ. ಮೊದಲು ಅವಳು ಕೇಳುವ ಪ್ರಶ್ನೆ, “ಗಡಿಯಾರ ಸರಿ ಐತೇನ್ರಿ?”