ಲಾಕಪ್‌ನ ಮೊದಲ ರಾತ್ರಿ

ಕಗ್ಗದಾಸಪುರದಲ್ಲಿ ಪಿಜಿ ಮಾಡಿಕೊಂಡು ಓದೋ ನಮ್ಮಂಥವರಿಗೆ ಪೊಲೀಸ್ ಠಾಣೆ ಅಂದ್ರೆ ಮೊಬೈಲ್ ಕಳೆದಾಗ ಹೋಗೋ ಜಾಗ, ಅಷ್ಟೆ. ಆದರೆ ಒಂದು ರಾತ್ರಿ ನಮ್ಮ ರೂಮ್‌ಮೇಟ್‌ನನ್ನೇ ಯಾವುದೋ ಗಲಾಟೆ ಕೇಸಲ್ಲಿ ಜೀಪು ಹತ್ತಿಸಿದರು ಅಂದುಕೊಳ್ಳಿ. ಅವನ ಫಿಟ್ಸ್ ಮಾತ್ರೆ ರೂಮಿನಲ್ಲೇ ಉಳಿದಿದೆ. ತಪ್ಪು ಅವನದೋ ಅಲ್ಲವೋ ಕೋರ್ಟು ನೋಡಿಕೊಳ್ಳುತ್ತೆ. ಬೆಳಗಾಗುವ ತನಕ ಅವನ ಜೀವ ಯಾರ ಜವಾಬ್ದಾರಿ?

ವಶಕ್ಕೆ ತೆಗೆದುಕೊಂಡವರದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಬಂಧಿತನ ಆರೋಗ್ಯ, ಸುರಕ್ಷತೆಯ ಹೊಣೆಯನ್ನು ಅವರಿಗೇ ವಹಿಸಿದೆ. 53ನೇ ಕಲಂ ಪ್ರಕಾರ ಬಂಧನವಾದ ಕೂಡಲೇ ವೈದ್ಯರ ತಪಾಸಣೆ ಆಗಬೇಕು. 24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಇದು ನಮ್ಮ ಊರಿಗೆ ದೂರದ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೋ ದೇಶದ ಯುವಕನೊಬ್ಬ ತೀರಿಕೊಂಡ. ಎದೆನೋವು ಅಂದಾಗ ಆಸ್ಪತ್ರೆಗೆ ಸೇರಿಸಿದೆವು ಅಂತ ಪೊಲೀಸರು ಹೇಳಿದರು. ಅವನ ಕಡೆಯವರು ಅದನ್ನು ಒಪ್ಪದೆ ಠಾಣೆ ಎದುರು ಪ್ರತಿಭಟನೆಗೆ ಇಳಿದರು. ತನಿಖೆ ಸಿಐಡಿಗೆ ಹೋಯಿತು.

ಮೊದಲ ಕೆಲವು ಗಂಟೆಗಳೇ ಯಾಕೆ ಅಪಾಯ? ಹೆದರಿಕೆ, ಅವಮಾನ ಎರಡೂ ಆಗ ಜಾಸ್ತಿ. ಆತ್ಮಹತ್ಯೆಯ ಯೋಚನೆ ಬರುವುದೂ ಆಗಲೇ. ದಿನಾ ಕುಡಿಯುವವರು ದಿಢೀರನೆ ಕುಡಿತ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ತಲೆಗೆ ಪೆಟ್ಟು ಬಿದ್ದವರು, ಸಕ್ಕರೆ ಅಂಶ ಇಳಿದ ಮಧುಮೇಹಿಗಳು ಕೂಡ ತೊದಲುತ್ತಾರೆ, ತೂಗಾಡುತ್ತಾರೆ. ‘ಕುಡಿದಿದ್ದಾನೆ, ಮಲಗಲಿ ಬಿಡಿ’ ಅಂತ ಸುಮ್ಮನಾದರೆ ಜೀವವೇ ಹೋಗಬಹುದು. ಅದಕ್ಕೇ ಠಾಣೆಗೆ ಬಂದ ತಕ್ಷಣ ಮಾತ್ರೆ, ಕಾಯಿಲೆ, ಗಾಯ, ಮನಸ್ಸಿನ ಸ್ಥಿತಿ ಎಲ್ಲ ಕೇಳಿ ಬರೆದುಕೊಳ್ಳಬೇಕು. ಆಮೇಲೂ ಆಗಾಗ ಹೋಗಿ ಮಾತಾಡಿಸಿ, ಎಚ್ಚರ ಇದೆಯಾ ಅಂತ ನೋಡಬೇಕು.

ಕ್ಯಾಮೆರಾ ಇದೆಯಲ್ಲ ಅಂತೀರಾ? 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಲಾಕಪ್‌ಗೂ ರಾತ್ರಿ ಕಾಣುವ, ಧ್ವನಿಯನ್ನೂ ಹಿಡಿಯುವ ಸಿಸಿಟಿವಿ ಹಾಕಲು ಆದೇಶಿಸಿತು. ರೆಕಾರ್ಡಿಂಗ್ 18 ತಿಂಗಳು, ಅದು ಸಾಧ್ಯವಾಗದಿದ್ದರೂ ಕನಿಷ್ಠ ಒಂದು ವರ್ಷ ಇರಬೇಕು. ಒಳ್ಳೆಯದೇ. ಆದರೆ ಎಂಜಿನಿಯರಿಂಗ್ ಓದೋ ನಮಗೆ ಗೊತ್ತು, ಸೆನ್ಸರ್ ಹಾಕಿದ ಮಾತ್ರಕ್ಕೆ ಸಿಸ್ಟಮ್ ಸುರಕ್ಷಿತ ಆಗಲ್ಲ. ಅಲಾರ್ಮ್ ಕೇಳಿಸಿಕೊಂಡು ಎದ್ದು ಹೋಗುವವರೂ ಬೇಕು. ಕ್ಯಾಮೆರಾ ಆದದ್ದನ್ನು ಆಮೇಲೆ ಹೇಳುತ್ತೆ. ಆಗದ ಹಾಗೆ ತಡೆಯಬೇಕಾದ್ದು ಮನುಷ್ಯನೇ.

ಹೊರಗಿರುವ ನಾವೇನು ಮಾಡಬಹುದು? ಬಂಧಿತ ಹೇಳಿದ ಸಂಬಂಧಿಗೋ ಗೆಳೆಯನಿಗೋ ಪೊಲೀಸರು ವಿಷಯ ತಿಳಿಸಲೇಬೇಕು. ಯಾವ ಠಾಣೆ ಅಂತ ಕೇಳಿಕೊಂಡು, ಮಾತ್ರೆ ಮತ್ತು ಚೀಟಿ ಹಿಡಿದು ಇಬ್ಬರು ಹೋಗಿ. ಜಗಳ ಬೇಡ. ‘ಸಾರ್, ಇವನಿಗೆ ಈ ತೊಂದರೆ ಇದೆ, ಡಾಕ್ಟರಿಗೆ ತೋರಿಸಿ’ ಅಂತ ಬರೆದು ಕೊಟ್ಟು, ಅದರ ಫೋಟೊ ತೆಗೆದಿಟ್ಟುಕೊಳ್ಳಿ. 18 ತುಂಬದವರಾದರೆ ಲಾಕಪ್‌ಗೆ ಹಾಕುವಂತೆಯೇ ಇಲ್ಲ, ಅದನ್ನು ಹೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ವಶದಲ್ಲಿರುವವರಿಗೆ ಉಚಿತ ವಕೀಲರ ನೆರವು ಹಕ್ಕು.

ಇವತ್ತೇ ಒಂದು ಕೆಲಸ ಮಾಡೋಣ. ನಮ್ಮ ರೂಮ್‌ಮೇಟ್ ಯಾವ ಮಾತ್ರೆ ತಗೋತಾನೆ, ಅವನ ಮನೆ ನಂಬರ್ ಏನು ಅಂತ ಕೇಳಿ ಇಟ್ಟುಕೊಳ್ಳೋಣ.